ಏಪ್ರಿಲ್‌ನಲ್ಲಿ ಹೋದರೆ ತಡ: ಅಮೆರಿಕದ ನಗರಗಳ ವಸತಿ ಅನುದಾನದ ಯೋಜನೆಯನ್ನು ಓದುವ, ಅದರಲ್ಲಿ ಮಾತಾಡುವ ಬಗೆ

ಕ್ಯಾಲಿಫೋರ್ನಿಯದ ನಮ್ಮ ಊರಿಗೆ ಬಂದ ಮೂರನೆಯ ವರ್ಷ, ಏಪ್ರಿಲ್ ತಿಂಗಳ ಒಂದು ಸಂಜೆ ನಗರಸಭೆಯ ಸಾರ್ವಜನಿಕ ಅಹವಾಲಿಗೆ ಹೋಗಿದ್ದೆ. ರೈಲು ನಿಲ್ದಾಣದ ಪಕ್ಕ ಕಾರಿನಲ್ಲೇ ಮಲಗುತ್ತಿದ್ದ ಒಂದು ಕುಟುಂಬವನ್ನು ದಿನವೂ ನೋಡುತ್ತಿದ್ದೆ. ಅಂಥವರು ರಾತ್ರಿ ಹೆದರಿಕೆಯಿಲ್ಲದೆ ಕಾರು ನಿಲ್ಲಿಸಿಕೊಳ್ಳಲು ಒಂದು ಜಾಗ, ಒಂದು ಶೌಚಾಲಯ ಮಾಡಿಕೊಡಿ, ಅದಕ್ಕೆ ಫೆಡರಲ್ ಅನುದಾನ ಬಳಸಿ ಎಂದು ಕೇಳುವುದು ನನ್ನ ಉದ್ದೇಶವಾಗಿತ್ತು. ಎರಡು ನಿಮಿಷ ಮಾತಾಡಿದೆ. ಸದಸ್ಯರು ತಲೆದೂಗಿದರು, ಧನ್ಯವಾದ ಹೇಳಿದರು, ಮುಂದಿನ ಐದು ನಿಮಿಷದಲ್ಲಿ ಹಂಚಿಕೆಯ ಪಟ್ಟಿಯನ್ನು ಒಂದು ಅಕ್ಷರವೂ ಬದಲಾಗದಂತೆ ಅಂಗೀಕರಿಸಿದರು. ಹೊರಗೆ ಮೆಟ್ಟಿಲಿಳಿಯುವಾಗ ವಸತಿ ವಿಭಾಗದ ಅಧಿಕಾರಿಯೊಬ್ಬರು ಮೆಲ್ಲಗೆ ಹೇಳಿದರು: "ನೀವು ಅಕ್ಟೋಬರ್‌ನಲ್ಲಿ ಬರಬೇಕಿತ್ತು." ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೋಗಿದ್ದೆ ನಾನು.

ಆಮೇಲೆ ನಾಲ್ಕು ವರ್ಷ ಅದೇ ಊರಿನ ಸ್ವಯಂಸೇವಕರ ಸಲಹಾ ಸಮಿತಿಯಲ್ಲಿ ಕುಳಿತು ಅರ್ಜಿಗಳನ್ನು ಓದಿದೆ, ಅಂಕ ಹಾಕಿದೆ, ಜಗಳವಾಡಿದೆ. ಅಮೆರಿಕದಲ್ಲಿ ನೆಲೆಸಿರುವ, ತಮ್ಮ ಊರಿನ ವಸತಿ ಸಮಸ್ಯೆಯ ಬಗ್ಗೆ ಏನಾದರೂ ಮಾಡಬೇಕೆನ್ನುವ ಕನ್ನಡಿಗರಿಗಾಗಿ ಆ ಅನುಭವವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ಪೌರತ್ವ ಇಲ್ಲವಲ್ಲ ಎಂದು ಹಿಂಜರಿಯಬೇಡಿ. ಎಚ್-1ಬಿ ವೀಸಾದವರೂ ಅಹವಾಲಿನಲ್ಲಿ ಮಾತಾಡಬಹುದು. ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ.

1. ಹಣ ಯಾವ ಗಡಿಗೆಯದು?

ಫೆಡರಲ್ ಸರ್ಕಾರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯನ್ನು ಎಲ್ಲರೂ ಹಡ್ ಎನ್ನುತ್ತಾರೆ. ಅದು ನಗರಗಳಿಗೆ ಸೂತ್ರದ ಪ್ರಕಾರ, ಅಂದರೆ ಪೈಪೋಟಿಯಿಲ್ಲದೆ, ವರ್ಷವರ್ಷವೂ ಕೊಡುವ ಅನುದಾನ ನಾಲ್ಕು.

ಮೊದಲನೆಯದು ಸಮುದಾಯ ಅಭಿವೃದ್ಧಿಯ ಬ್ಲಾಕ್ ಗ್ರಾಂಟ್, ಸಿಡಿಬಿಜಿ. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ್ದು. ಅದಕ್ಕೆ ಮುಂಚೆ ಕೊಳೆಗೇರಿ ತೆರವಿಗೆ ಒಂದು, ಒಳಚರಂಡಿಗೆ ಒಂದು, ಮಾದರಿ ನಗರಕ್ಕೆ ಒಂದು ಎಂದು ಬೇರೆಬೇರೆ ಯೋಜನೆಗಳಿದ್ದವು. ಅವನ್ನೆಲ್ಲ ಒಟ್ಟುಗೂಡಿಸಿ, ಮಿತಿಗಳೊಳಗೆ ನಿಮ್ಮ ಊರಿಗೆ ಬೇಕಾದ್ದನ್ನು ನೀವೇ ತೀರ್ಮಾನಿಸಿ ಎಂದು ನಗರಗಳ ಕೈಗಿತ್ತರು. 1975ರಲ್ಲಿ ದೇಶಕ್ಕೆಲ್ಲ ಸುಮಾರು 240 ಕೋಟಿ ಡಾಲರ್ ಇದ್ದದ್ದು ಈಚಿನ ವರ್ಷಗಳಲ್ಲಿ 330 ಕೋಟಿ. ಐವತ್ತು ವರ್ಷದ ಬೆಲೆಯೇರಿಕೆಯನ್ನು ಲೆಕ್ಕ ಹಾಕಿದರೆ ಇದು ಹೆಚ್ಚಳವಲ್ಲ, ದೊಡ್ಡ ಕಡಿತ. 1,200ಕ್ಕೂ ಹೆಚ್ಚು ನಗರ, ಕೌಂಟಿ, ರಾಜ್ಯಗಳು ಇದನ್ನೇ ಹಂಚಿಕೊಳ್ಳಬೇಕು.

ಎರಡನೆಯದು ಹೋಮ್. 1990ರ ಕಾನೂನಿನದು, ಕೈಗೆಟುಕುವ ವಸತಿಗೆ ಮಾತ್ರ ಮೀಸಲು. ಮನೆ ಕಟ್ಟಲು, ಕೊಳ್ಳಲು, ದುರಸ್ತಿಗೆ, ಬಾಡಿಗೆದಾರರ ನೆರವಿಗೆ ಬಳಸಬಹುದು. ಮೂರನೆಯದು ಇಎಸ್‌ಜಿ, ಮನೆಯಿಲ್ಲದವರಿಗೆ ಮತ್ತು ಮನೆ ಕಳೆದುಕೊಳ್ಳುವ ಅಂಚಿನಲ್ಲಿರುವವರಿಗೆ. ಇದು ಮೊದಲು ತುರ್ತು ಆಶ್ರಯದ ಅನುದಾನವಾಗಿತ್ತು. 2009ರ ಹಾರ್ತ್ ಕಾಯ್ದೆ ಹೆಸರಿನಲ್ಲಿದ್ದ 'ಆಶ್ರಯ'ವನ್ನು ತೆಗೆದು 'ಪರಿಹಾರ' ಎಂದು ಹಾಕಿತು. ಬದಲಾದದ್ದು ಹೆಸರಷ್ಟೇ ಅಲ್ಲ. ಜನರನ್ನು ಬೇಗ ಬಾಡಿಗೆ ಮನೆಗೆ ಸೇರಿಸುವ ಕೆಲಸವೂ ಇದರೊಳಗೆ ಬಂತು. ನಾಲ್ಕನೆಯದು ಎಚ್‌ಐವಿ ಬಾಧಿತರ ವಸತಿಗೆ ಇರುವ ಹಾಪ್ವಾ. ನಗರಗಳ ಪೈಕಿ ಇದು ದೊಡ್ಡವಕ್ಕಷ್ಟೇ ಬರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಇವುಗಳಿಂದ ಹೊರಗೆ ಐದನೆಯದೊಂದಿದೆ: ಕಂಟಿನ್ಯುಯಂ ಆಫ್ ಕೇರ್. ಇದು ಪೈಪೋಟಿಯ ಹಣ, ವರ್ಷಕ್ಕೆ ಸುಮಾರು 350 ಕೋಟಿ ಡಾಲರ್. ಇಎಸ್‌ಜಿ ಬರೀ 29 ಕೋಟಿ. ಮನೆಯಿಲ್ಲದವರ ವಿಷಯದಲ್ಲಿ ದೊಡ್ಡ ಗಂಟು ಎಲ್ಲಿದೆ ಎಂದು ಇಷ್ಟರಿಂದಲೇ ಗೊತ್ತಾಗುತ್ತದೆ. ಆ ಗಂಟು ನಗರಸಭೆಯ ಸಭಾಂಗಣದಲ್ಲಿ ಬಿಚ್ಚುವುದಿಲ್ಲ. ಅದರ ವಿಷಯ ಆರನೆಯ ಹೆಜ್ಜೆಯಲ್ಲಿದೆ.

2. ನಿಮ್ಮ ಊರಿಗೆ ಹಣ ನೇರವಾಗಿ ಬರುತ್ತದೆಯೇ?

ಜನಸಂಖ್ಯೆ 50,000 ದಾಟಿದ ನಗರಗಳು, ಮಹಾನಗರ ವಲಯದ ಮುಖ್ಯ ನಗರಗಳು, 2 ಲಕ್ಷ ದಾಟಿದ ನಗರ ಕೌಂಟಿಗಳು ಸಿಡಿಬಿಜಿಗೆ ನೇರ ಹಕ್ಕುದಾರರು. ಒಟ್ಟು ಹಣದ ಶೇಕಡ 70 ಇವರಿಗೆ. ಉಳಿದ 30 ರಾಜ್ಯಗಳ ಮೂಲಕ ಸಣ್ಣ ಊರುಗಳಿಗೆ. ಆದರೆ ಒಂದೇ ನಗರಕ್ಕೆ ಒಂದು ಅನುದಾನ ನೇರವಾಗಿಯೂ ಇನ್ನೊಂದು ಸುತ್ತುದಾರಿಯಲ್ಲೂ ಬರಬಹುದು. ಫ್ರೀಮಾಂಟ್ ಅದಕ್ಕೆ ಒಳ್ಳೆಯ ಉದಾಹರಣೆ. ಸಾಕಷ್ಟು ಕನ್ನಡ ಕುಟುಂಬಗಳಿರುವ ಈ ನಗರಕ್ಕೆ ಸಿಡಿಬಿಜಿ ನೇರವಾಗಿ ಬರುತ್ತದೆ. ಹೋಮ್ ಹಣ ಮಾತ್ರ ಅಲಮೀಡಾ ಕೌಂಟಿಯ ಒಕ್ಕೂಟದ ಮೂಲಕ. ಪಕ್ಕದ ಸ್ಯಾನ್ ಹೊಸೆ ದೊಡ್ಡ ನಗರ, ನಾಲ್ಕೂ ಅನುದಾನ ನೇರವಾಗಿ ಪಡೆಯುತ್ತದೆ. ಯಾರ ಬಾಗಿಲು ತಟ್ಟಬೇಕು ಎಂಬುದು ಇದರಿಂದ ನಿರ್ಧಾರವಾಗುತ್ತದೆ. ಕೌಂಟಿಗೆ ಬರುವ ಹಣವನ್ನು ನಗರಸಭೆಯಲ್ಲಿ ಕೇಳಿ ಒಂದು ವರ್ಷ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ವಸತಿ ವಿಭಾಗಕ್ಕೆ ಒಂದು ಇಮೇಲ್ ಬರೆದರೆ ಉತ್ತರ ಸಿಗುತ್ತದೆ.

3. ಐದು ವರ್ಷದ ಯೋಜನೆಯಲ್ಲಿ ಓದಬೇಕಾದ ಪುಟಗಳು

ಈ ನಾಲ್ಕು ಅನುದಾನಗಳಿಗೂ ಸೇರಿಸಿ ನಗರ ಮೂರರಿಂದ ಐದು ವರ್ಷಕ್ಕೊಮ್ಮೆ ಒಂದು ಸಮಗ್ರ ಯೋಜನೆ ಬರೆಯಬೇಕು. 1995ರಿಂದ ಇರುವ ನಿಯಮ ಇದು. ಕಚೇರಿಯವರ ಬಾಯಲ್ಲಿ ಅದು ಕಾನ್ ಪ್ಲಾನ್. ಜೊತೆಗೆ ಪ್ರತಿ ವರ್ಷ ಒಂದು ಕ್ರಿಯಾಯೋಜನೆ. ಸಮಗ್ರ ಯೋಜನೆ ಇನ್ನೂರು, ಮುನ್ನೂರು ಪುಟದ ಗ್ರಂಥ. ಪೂರ್ತಿ ಓದಿದವರು ಅದನ್ನು ಬರೆದ ಸಲಹೆಗಾರರು ಮಾತ್ರ ಎಂಬ ಗುಮಾನಿ ನನಗಿದೆ.

ಅದೃಷ್ಟಕ್ಕೆ, ಹಡ್‌ನ ನಮೂನೆ ದೇಶಕ್ಕೆಲ್ಲ ಒಂದೇ. ಪ್ರತಿ ಅಧ್ಯಾಯಕ್ಕೂ ಒಂದು ಸಂಕೇತವಿದೆ. ಮನೆಯಿಲ್ಲದವರ ಸ್ಥಿತಿ ಎನ್‌ಎ-40ರಲ್ಲಿ. ಊರಿನ ಆದ್ಯತೆಗಳು ಎಸ್‌ಪಿ-25ರಲ್ಲಿ. ಗುರಿಗಳು ಎಸ್‌ಪಿ-45ರಲ್ಲಿ. ವಾರ್ಷಿಕ ಯೋಜನೆಯಲ್ಲಿ ಎಪಿ-15 ಎಷ್ಟು ಹಣ ಎನ್ನುತ್ತದೆ, ಎಪಿ-35 ಮತ್ತು ಎಪಿ-38 ಯಾರಿಗೆ ಎಷ್ಟು ಎನ್ನುತ್ತವೆ. ನಾನಾದರೆ ಮೊದಲು ಓದುವುದು ಎಸ್‌ಪಿ-25. ಅಲ್ಲಿ 'ಅಧಿಕ ಆದ್ಯತೆ' ಎಂದು ಇಲ್ಲದ ಕೆಲಸಕ್ಕೆ ಮುಂದಿನ ಐದು ವರ್ಷ ಹಣ ಸಿಗುವುದು ಕಷ್ಟ. ನನ್ನ ಕಾರು ನಿಲುಗಡೆಯ ಬೇಡಿಕೆ ಬಿದ್ದುಹೋದದ್ದಕ್ಕೆ ಅರ್ಧ ಕಾರಣ ಏಪ್ರಿಲ್ ಆದರೆ, ಇನ್ನರ್ಧ ಕಾರಣ ಆ ಪುಟದಲ್ಲಿ ವಾಹನವಾಸಿಗಳ ಹೆಸರೇ ಇಲ್ಲದ್ದು.

ಯೋಜನೆಯ ಭಾಷೆಯಲ್ಲಿ ಎಲ್ಲ ಅಳತೆಯ ತಾಯಿಬೇರು ಎಎಂಐ, ಅಂದರೆ ಆ ಪ್ರದೇಶದ ಮಧ್ಯಮ ಕುಟುಂಬ ಆದಾಯ. ಅದರ ಶೇಕಡ 80ರ ಒಳಗಿನವರು ಕಡಿಮೆ ಆದಾಯದವರು, 50ರ ಒಳಗಿನವರು ತುಂಬಾ ಕಡಿಮೆ, 30ರ ಒಳಗಿನವರು ಕಡುಬಡವರು. ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ 2024ರಲ್ಲಿ ನಾಲ್ವರ ಕುಟುಂಬದ ಮಧ್ಯಮ ಆದಾಯ 1,84,300 ಡಾಲರ್. ಅಲ್ಲಿ ವರ್ಷಕ್ಕೆ 55,000 ಡಾಲರ್ ದುಡಿಯುವ ಕುಟುಂಬ ಲೆಕ್ಕದ ಪ್ರಕಾರ ಕಡುಬಡ ಕುಟುಂಬ. ಆದ್ದರಿಂದ 'ಕೈಗೆಟುಕುವ ವಸತಿ' ಎಂದು ಯಾರಾದರೂ ಹೇಳಿದರೆ, ಯಾರ ಕೈಗೆ, ಶೇಕಡ ಎಷ್ಟರವರ ಕೈಗೆ ಎಂದು ಕೇಳಿ. 80ರವರಿಗೆ ಕಟ್ಟಿದ ಮನೆ 30ರವರ ಕೈಗೆ ಎಂದೂ ಎಟುಕುವುದಿಲ್ಲ. ಆದರೆ ಎರಡನ್ನೂ ಒಂದೇ ಹೆಸರಿನಲ್ಲಿ ಲೆಕ್ಕಕ್ಕೆ ಹಿಡಿದು ಗುರಿ ಮುಟ್ಟಿದೆವು ಎನ್ನುವುದು ಸುಲಭ.

ಆದಾಯದ ಶೇಕಡ 30ಕ್ಕಿಂತ ಹೆಚ್ಚು ವಸತಿಗೆ ಹೋದರೆ ಅದು ಹೊರೆ, 50 ದಾಟಿದರೆ ತೀವ್ರ ಹೊರೆ. ಊರೂರಿನ ಈ ಅಂಕಿಗಳನ್ನು ಹಡ್ ಚಾಸ್ ಎಂಬ ಕೋಷ್ಟಕಗಳಲ್ಲಿ ಉಚಿತವಾಗಿ ಪ್ರಕಟಿಸುತ್ತದೆ. ನಮ್ಮಲ್ಲಿ ಎಕ್ಸೆಲ್ ಬಾರದವರು ಯಾರು? ಒಂದು ಭಾನುವಾರ ಕೊಟ್ಟರೆ ನಿಮ್ಮ ಊರಿನ ಚಿತ್ರ ಕೈಗೆ ಬರುತ್ತದೆ.

4. ಪಂಚಾಂಗ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಕತ್ತರಿಸಿ ಫ್ರಿಡ್ಜ್ ಮೇಲೆ ಅಂಟಿಸುವುದಾದರೆ ಇದನ್ನು ಅಂಟಿಸಿ. ಬಹಳಷ್ಟು ನಗರಗಳ ಅನುದಾನ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಕೆಲವು ಕಡೆ ಜನವರಿ ಅಥವಾ ಅಕ್ಟೋಬರ್. ಅಲ್ಲಿಗೆ ತಿಂಗಳುಗಳನ್ನು ಸರಿಸಿಕೊಳ್ಳಿ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಊರಿನ ಅಗತ್ಯಗಳ ಬಗ್ಗೆ ಮೊದಲ ಅಹವಾಲು. ನಿಯಮದ ಪ್ರಕಾರ ವರ್ಷಕ್ಕೆ ಕನಿಷ್ಠ ಎರಡು ಅಹವಾಲು ನಡೆಯಬೇಕು, ಅದರಲ್ಲಿ ಒಂದು ಕರಡು ಯೋಜನೆಗಿಂತ ಮುಂಚೆ. ಆ ಮೊದಲ ಸಭೆಗೆ ಬರುವವರ ಸಂಖ್ಯೆ ನಮ್ಮ ಊರಿನಲ್ಲಿ ಒಂದು ವರ್ಷ ನಾಲ್ಕು, ಇನ್ನೊಂದು ವರ್ಷ ಏಳು. ಆ ಏಳರಲ್ಲಿ ಇಬ್ಬರು ಬಿಸಿ ಕಾಫಿಗಾಗಿ ಬಂದವರು, ಅವರಲ್ಲಿ ಒಬ್ಬರಿಗೆ ನಿಜವಾಗಿ ಮನೆ ಇರಲಿಲ್ಲ. ಆ ಸಂಜೆ ಅತ್ಯಂತ ಉಪಯುಕ್ತ ಮಾತು ಆಡಿದವರೂ ಅವರೇ: ಆಶ್ರಯಧಾಮ ಬೆಳಿಗ್ಗೆ ಆರಕ್ಕೆ ಹೊರಗೆ ಕಳಿಸುತ್ತದೆ, ಗ್ರಂಥಾಲಯ ಹತ್ತಕ್ಕೆ ತೆರೆಯುತ್ತದೆ, ನಡುವಿನ ನಾಲ್ಕು ಗಂಟೆ ಎಲ್ಲಿಗೆ ಹೋಗಲಿ? ಅದೇ ವರ್ಷದ ಅರ್ಜಿ ಆಹ್ವಾನದಲ್ಲಿ ಹಗಲು ಆಶ್ರಯಕ್ಕೆ ಐದು ಹೆಚ್ಚುವರಿ ಅಂಕ ಸೇರಿತು. ಅಕ್ಟೋಬರ್‌ನಲ್ಲಿ ಒಂದು ವಾಕ್ಯಕ್ಕೆ ಅಷ್ಟು ತೂಕ.

ಜನವರಿಯಲ್ಲಿ ಸಂಘಸಂಸ್ಥೆಗಳ ಅರ್ಜಿಗೆ ಕೊನೆಯ ದಿನ. ಫೆಬ್ರವರಿ, ಮಾರ್ಚ್‌ನಲ್ಲಿ ಸಮಿತಿ ಅಂಕ ಹಾಕಿ ಪಟ್ಟಿ ಮಾಡುತ್ತದೆ. ಆಮೇಲೆ ಕರಡು ಪ್ರಕಟವಾಗಿ 30 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ತೆರೆದಿರುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ನಗರಸಭೆಯ ಮತ. ವರ್ಷ ಶುರುವಾಗುವ ಕನಿಷ್ಠ 45 ದಿನ ಮುಂಚೆ, ಅಂದರೆ ಮೇ ಮಧ್ಯದೊಳಗೆ, ಹಡ್‌ಗೆ ಸಲ್ಲಿಕೆ. 45 ದಿನದೊಳಗೆ ಹಡ್ ತಿರಸ್ಕರಿಸದಿದ್ದರೆ ಯೋಜನೆಗೆ ಒಪ್ಪಿಗೆ ಸಿಕ್ಕಂತೆ.

ಇದೊಂದು ಕಾಗದದ ಮೇಲಿನ ಪಂಚಾಂಗ. ವಾಷಿಂಗ್ಟನ್‌ನಲ್ಲಿ ಬಜೆಟ್ ತಡವಾದರೆ, ಅದು ಬಹುತೇಕ ಪ್ರತಿವರ್ಷ ತಡವಾಗುತ್ತದೆ, ನಿಖರ ಮೊತ್ತ ತಿಳಿಯಲು ಮೇ ತಿಂಗಳವರೆಗೂ ಕಾಯಬೇಕಾದ ವರ್ಷಗಳಿವೆ. ಆಗ ನಗರಗಳು ಕಳೆದ ವರ್ಷದ ಮೊತ್ತವನ್ನೇ ಅಂದಾಜಾಗಿ ಹಿಡಿದು, ಹೆಚ್ಚು ಬಂದರೆ ಯಾರಿಗೆ ಸೇರಬೇಕು, ಕಡಿಮೆ ಬಂದರೆ ಯಾರಿಗೆ ಕತ್ತರಿ ಎಂದು ಒಂದು ಪ್ಯಾರಾ ಬರೆದಿಡುತ್ತವೆ. ಆ ಪ್ಯಾರಾವನ್ನು ತಪ್ಪದೆ ಓದಿ. 'ಎಲ್ಲರಿಗೂ ಸಮಪ್ರಮಾಣದಲ್ಲಿ ಕಡಿತ' ಎಂದಿದ್ದರೆ ಹತ್ತು ಸಾವಿರ ಡಾಲರಿನ ಊಟದ ಯೋಜನೆಗೂ, ಮೂರು ಲಕ್ಷದ ಪಾದಚಾರಿ ಮಾರ್ಗಕ್ಕೂ ಒಂದೇ ಕತ್ತರಿ. 2018ಕ್ಕೆ ಬರೆದ ಬಜೆಟ್ ಪ್ರಸ್ತಾವದಲ್ಲೂ 2026ಕ್ಕೆ ಬರೆದದ್ದರಲ್ಲೂ ಶ್ವೇತಭವನ ಸಿಡಿಬಿಜಿ, ಹೋಮ್ ಎರಡನ್ನೂ ಪೂರ್ತಿ ರದ್ದುಮಾಡಲು ಸೂಚಿಸಿತ್ತು ಎಂಬುದು ನೆನಪಿದ್ದರೆ, ಆ ಪ್ಯಾರಾವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

5. ಮಿತಿಗಳ ಗಣಿತ

ಒಂದು ಊರಿಗೆ 20 ಲಕ್ಷ ಡಾಲರ್ ಸಿಡಿಬಿಜಿ, 5 ಲಕ್ಷ ಡಾಲರ್ ಹೋಮ್ ಬಂದಿದೆ ಎಂದುಕೊಳ್ಳೋಣ. ಪೆನ್ನು ಹಿಡಿಯಿರಿ.

ಸಿಡಿಬಿಜಿಯಲ್ಲಿ ಆಡಳಿತ ಮತ್ತು ಯೋಜನಾ ವೆಚ್ಚ ಶೇಕಡ 20 ಮೀರುವಂತಿಲ್ಲ: 4 ಲಕ್ಷ. ಸಾರ್ವಜನಿಕ ಸೇವೆಗಳು, ಅಂದರೆ ಊಟ, ಆಶ್ರಯಧಾಮ ನಡೆಸುವ ಖರ್ಚು, ಕಾನೂನು ನೆರವು, ಶಿಶುವಿಹಾರ, ವೃದ್ಧರ ಸೇವೆ ಎಲ್ಲ ಸೇರಿ ಶೇಕಡ 15: 3 ಲಕ್ಷ. ಊರಿನ ಎರಡು ಡಜನ್ ಸಂಸ್ಥೆಗಳು ಹೊಡೆದಾಡುವುದು ಈ 3 ಲಕ್ಷಕ್ಕೆ. ಅಹವಾಲಿನಲ್ಲಿ ಕಣ್ಣೀರು ತರಿಸುವ ಕತೆಗಳೆಲ್ಲ ಈ ಮೂರು ಲಕ್ಷದ ಸುತ್ತ ಇರುತ್ತವೆ. ಉಳಿದ 13 ಲಕ್ಷದ, ಅಂದರೆ ಕಟ್ಟಡ, ಕಾಮಗಾರಿಗಳ ಬಂಡವಾಳ ಭಾಗದ, ಬಗ್ಗೆ ಮಾತಾಡುವವರೇ ಇಲ್ಲ. ಅದು ಸದ್ದಿಲ್ಲದೆ ರಸ್ತೆಬದಿಯ ಇಳಿಜಾರು, ಉದ್ಯಾನದ ದೀಪ, ಸಮುದಾಯ ಭವನದ ಚಾವಣಿಗೆ ಹೋಗುತ್ತದೆ.

ಈ 13 ಲಕ್ಷದಲ್ಲಿ ವಸತಿಗೆ ಏನು ಮಾಡಬಹುದು? ಹೊಸ ಮನೆ ಕಟ್ಟಲು ಸಿಡಿಬಿಜಿಯನ್ನು ಸಾಮಾನ್ಯವಾಗಿ ಬಳಸುವಂತಿಲ್ಲ. ಆದರೆ ಜಮೀನು ಕೊಳ್ಳಬಹುದು, ನೀರು, ಒಳಚರಂಡಿ ಹಾಕಬಹುದು, ಹಳೆಯ ಮನೆ ದುರಸ್ತಿ ಮಾಡಬಹುದು, ಮೋಟೆಲ್ ಕೊಂಡು ವಸತಿಯಾಗಿ ಪರಿವರ್ತಿಸಬಹುದು. ಆಶ್ರಯಧಾಮದ ಕಟ್ಟಡ ಕಟ್ಟಬಹುದು. ಅದು ಸಾರ್ವಜನಿಕ ಸೌಲಭ್ಯದ ಲೆಕ್ಕಕ್ಕೆ ಬರುತ್ತದೆ, 15ರ ಮಿತಿ ಅದಕ್ಕೆ ತಗಲುವುದಿಲ್ಲ. ಆದ್ದರಿಂದ ಮಾತಾಡುವಾಗ 'ಆಶ್ರಯಧಾಮಕ್ಕೆ ಹಣ ಕೊಡಿ' ಎನ್ನಬೇಡಿ. 'ಆಶ್ರಯಧಾಮದ ಅಡುಗೆಮನೆಯ ದುರಸ್ತಿಗೆ ಬಂಡವಾಳ ಭಾಗದಿಂದ ಕೊಡಿ' ಎನ್ನಿ. ಸಿಬ್ಬಂದಿ ತಲೆ ಎತ್ತಿ ನೋಡುತ್ತಾರೆ.

ಪಾದಚಾರಿ ಮಾರ್ಗವನ್ನು ನಗರಗಳು ಅಷ್ಟು ಪ್ರೀತಿಸುವುದಕ್ಕೆ ಒಂದು ಗುಟ್ಟಿದೆ. ಅನುದಾನ ವರ್ಷ ಮುಗಿಯಲು 60 ದಿನ ಇರುವಾಗ, ಜುಲೈ ನಗರಗಳಿಗೆ ಅದು ಮೇ 2, ಖರ್ಚಾಗದೆ ಉಳಿದ ಸಿಡಿಬಿಜಿ ಒಂದು ವರ್ಷದ ಮೊತ್ತದ ಒಂದೂವರೆ ಪಟ್ಟನ್ನು ಮೀರಬಾರದು. ನಮ್ಮ ಉದಾಹರಣೆಯ ಊರಿಗೆ ಆ ಗೆರೆ 30 ಲಕ್ಷ. ಮೀರಿದರೆ ಹಡ್‌ನ ಎಚ್ಚರಿಕೆ, ಸರಿಪಡಿಸದಿದ್ದರೆ ಮುಂದಿನ ಅನುದಾನಕ್ಕೆ ಕುತ್ತು. ವಸತಿ ಯೋಜನೆ ನಾಲ್ಕೈದು ವರ್ಷ ಎಳೆಯುತ್ತದೆ, ಕಾಂಕ್ರೀಟು ಮೂರು ತಿಂಗಳಲ್ಲಿ ಒಣಗುತ್ತದೆ. ಹಾಗಾಗಿ ಮಾರ್ಚ್ ಬಂತೆಂದರೆ ಬೇಗ ಖರ್ಚಾಗುವ ಕೆಲಸಗಳಿಗೆ ಬೆಲೆ. ಇದನ್ನು ತಿಳಿದ ಸಂಸ್ಥೆಗಳು ತಮ್ಮ ದುರಸ್ತಿ ಕೆಲಸದ ನಕ್ಷೆ, ಅಂದಾಜುಪಟ್ಟಿ ಎಲ್ಲ ಸಿದ್ಧ ಮಾಡಿಟ್ಟುಕೊಂಡು, 'ನಿಮಗೆ ಬೇಗ ಖರ್ಚಾಗಬೇಕಾದ ಹಣವಿದ್ದರೆ ನಾವು ತಯಾರು' ಎಂದು ಜನವರಿಯಲ್ಲೇ ಹೇಳಿರುತ್ತವೆ. ಅದು ಚಾಣಾಕ್ಷತನ, ತಪ್ಪಲ್ಲ.

ಇನ್ನು ಹೋಮ್. ಆಡಳಿತಕ್ಕೆ ಶೇಕಡ 10, ಅಂದರೆ 50,000. ಸಮುದಾಯ ಮೂಲದ ವಸತಿ ಸಂಸ್ಥೆಗಳಿಗೆ ಮೀಸಲು 15, ಅಂದರೆ 75,000. ಇಂಥ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಮೂರನೆಯ ಒಂದು ಭಾಗ ಕಡಿಮೆ ಆದಾಯದ ಸಮುದಾಯದ ಪ್ರತಿನಿಧಿಗಳಿರಬೇಕು. ಉಳಿದದ್ದು 3,75,000. ಆಡಳಿತ ವೆಚ್ಚ ಬಿಟ್ಟು ಉಳಿದ ನಾಲ್ಕೂವರೆ ಲಕ್ಷಕ್ಕೆ ಶೇಕಡ 25ರಷ್ಟು, 1,12,500 ಡಾಲರ್, ಫೆಡರಲ್ ಅಲ್ಲದ ಮೂಲದಿಂದ ಹೊಂದಿಸಬೇಕು. ದಾನ ಬಂದ ಜಮೀನು, ಮನ್ನಾ ಮಾಡಿದ ಪರವಾನಗಿ ಶುಲ್ಕ ಕೂಡ ಇದಕ್ಕೆ ಸಲ್ಲುತ್ತದೆ. ಇಎಸ್‌ಜಿಗಾದರೆ ಡಾಲರಿಗೆ ಡಾಲರ್ ಹೊಂದಿಸಬೇಕು. ಬೀದಿ ಸಂಪರ್ಕ ಮತ್ತು ಆಶ್ರಯಧಾಮ ಸೇರಿ ಶೇಕಡ 60 ಮೀರುವಂತಿಲ್ಲ.

ಈಗ ನೋಡಿ: ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ಕೈಗೆಟುಕುವ ವಸತಿಯ ಒಂದು ಅಪಾರ್ಟ್‌ಮೆಂಟ್ ಕಟ್ಟಲು ಐದು ಲಕ್ಷ ಡಾಲರ್ ಮೀರುವುದು ಸಾಮಾನ್ಯ. ಇಡೀ ವರ್ಷದ ಹೋಮ್ ಹಣಕ್ಕೆ ಒಂದು ಮನೆಯೂ ಏಳುವುದಿಲ್ಲ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಗಾದರೆ ಈ ಹಣದಿಂದ ಪ್ರಯೋಜನವೇನು? ಎಂಬತ್ತು ಮನೆಗಳ ಒಂದು ಸಮುಚ್ಚಯಕ್ಕೆ ದೊಡ್ಡ ಪಾಲು 1986ರ ತೆರಿಗೆ ಕಾನೂನಿನಿಂದ ಬಂದ ಕಡಿಮೆ ಆದಾಯದ ವಸತಿ ತೆರಿಗೆ ರಿಯಾಯಿತಿಯದು, ಅದನ್ನು ಹಂಚುವುದು ರಾಜ್ಯ. ಅದರ ಮೇಲೆ ಬ್ಯಾಂಕ್ ಸಾಲ, ರಾಜ್ಯದ ಸಾಲ, ಕೌಂಟಿಯ ಬಾಂಡ್ ಹಣ. ಎಲ್ಲ ಕೂಡಿಸಿದ ಮೇಲೂ ಒಂದು ತೂತು ಉಳಿಯುತ್ತದೆ. ನಗರದ ಹೋಮ್ ಹಣ ಆ ತೂತು ಮುಚ್ಚುವ ಬಿರಡೆ. ಕೆಲವು ಕಡೆ ಮೊದಲು ಬರುವ ಹಣವೂ ಇದೇ: ನಗರವೇ ಕೈಹಾಕಿದೆ ಎಂದು ತೋರಿಸಿದರೆ ರಾಜ್ಯದ ಪೈಪೋಟಿಯಲ್ಲಿ ಅಂಕ ಹೆಚ್ಚು. ಎರಡು ಮೂರು ವರ್ಷದ ಹೋಮ್ ಹಣವನ್ನು ಕೂಡಿಟ್ಟು ಒಂದೇ ಸಮುಚ್ಚಯಕ್ಕೆ ಹಾಕುವ ಊರು, ವರ್ಷವರ್ಷ ಚೂರುಚೂರು ಹಂಚುವ ಊರಿಗಿಂತ ಹೆಚ್ಚು ಮನೆ ಕಂಡಿದೆ ಎಂಬುದು ನನ್ನ ಅಭಿಪ್ರಾಯ. ಸಮಿತಿಯಲ್ಲಿ ಇದಕ್ಕೆ ಒಪ್ಪದವರೂ ಇದ್ದರು.

ಒಂದು ಎಚ್ಚರಿಕೆ. ಪರಿಸರ ಪರಿಶೀಲನೆ ಮುಗಿದು ಹಡ್‌ನ ಅನುಮತಿ ಬರುವವರೆಗೆ ಆ ಜಾಗದಲ್ಲಿ ಯಾವುದೇ ಹಣ, ಸಂಸ್ಥೆಯ ಸ್ವಂತ ಹಣವೂ ಸೇರಿ, ತೊಡಗಿಸುವಂತಿಲ್ಲ. ಅನುದಾನಕ್ಕೆ ಅರ್ಜಿ ಹಾಕಿದ ಮೇಲೆ ಉತ್ಸಾಹದಿಂದ ಜಮೀನಿನ ಖರೀದಿ ಮುಗಿಸಿದರೂ ಸಾಕು, ಹಳೆಯ ಗೋಡೆ ಕೆಡವಿದರೂ ಸಾಕು, ಹಣ ಕೈತಪ್ಪಬಹುದು. ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇಲ್ಲಿ ಗುದ್ದಲಿ ಪೂಜೆಗೂ ಫೆಡರಲ್ ಮುಹೂರ್ತ ಬೇಕು.

6. ಮನೆಯಿಲ್ಲದವರ ಹಣ: ನಗರಸಭೆಯಲ್ಲಿ ಹುಡುಕಬೇಡಿ

ಕಂಟಿನ್ಯುಯಂ ಆಫ್ ಕೇರ್ ಎಂಬುದು ಹಣದ ಹೆಸರೂ ಹೌದು, ಅದನ್ನು ಯೋಜಿಸುವ ಕೂಟದ ಹೆಸರೂ ಹೌದು. ಸಾಮಾನ್ಯವಾಗಿ ಒಂದು ಕೌಂಟಿಗೆ ಅಥವಾ ಕೆಲವು ಕೌಂಟಿಗಳಿಗೆ ಸೇರಿ ಒಂದು. ಅದರಲ್ಲಿ ನಗರಗಳು, ಆಶ್ರಯಧಾಮಗಳು, ಆಸ್ಪತ್ರೆಗಳು, ಮನೆಯಿಲ್ಲದೆ ಬದುಕಿ ಬಂದವರು ಇರುತ್ತಾರೆ. ಇಡೀ ಪ್ರದೇಶದ ಪರವಾಗಿ ಒಂದೇ ಅರ್ಜಿ ಹೋಗುತ್ತದೆ. ಯಾವ ಯೋಜನೆ ಮೊದಲು, ಯಾವುದು ಕೊನೆಗೆ ಎಂದು ಕೂಟವೇ ಕ್ರಮಾಂಕ ಹಾಕುತ್ತದೆ. ಪಟ್ಟಿಯ ತಳದಲ್ಲಿರುವವರ ಹಣ ಅಪಾಯದಲ್ಲಿ. ಇದರ ಸಭೆಗಳು ತೆರೆದಿರುತ್ತವೆ, ಸದಸ್ಯತ್ವವೂ ಹೆಚ್ಚಿನ ಕಡೆ ಮುಕ್ತ. ಆದರೂ ನಗರಸಭೆಗೆ ಬರುವ ಜನರ ಹತ್ತರಲ್ಲಿ ಒಂದು ಪಾಲೂ ಇಲ್ಲಿಗೆ ಬರುವುದಿಲ್ಲ.

ಇದನ್ನು ಸರಿಯಾಗಿ ಬಳಸಿಕೊಂಡ ಊರು ಹ್ಯೂಸ್ಟನ್. ಸುಮಾರು 2011ರವರೆಗೆ ಅಲ್ಲಿ ಪ್ರತಿ ಸಂಸ್ಥೆಯೂ ತನ್ನದೇ ಸರತಿ, ತನ್ನದೇ ನಿಯಮ ಇಟ್ಟುಕೊಂಡಿತ್ತು. ಮೇಯರ್ ಅನೀಸ್ ಪಾರ್ಕರ್ ಅವಧಿಯಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳು 'ದಿ ವೇ ಹೋಮ್' ಎಂಬ ಒಂದೇ ವ್ಯವಸ್ಥೆಯಡಿ ಬಂದವು. ಯಾರು ಹೆಚ್ಚು ಅಪಾಯದಲ್ಲಿದ್ದಾರೋ ಅವರಿಗೆ ಮೊದಲು ಮನೆ, ಷರತ್ತುಗಳು ಆಮೇಲೆ. ನಗರದ ಹೋಮ್, ಇಎಸ್‌ಜಿ ಹಣ, ಕೌಂಟಿಯ ಹಣ, ಕಂಟಿನ್ಯುಯಂ ಹಣ ಒಂದೇ ಗುರಿಯ ಕಡೆ ತಿರುಗಿದವು. 2012ರ ನಂತರದ ಹತ್ತು ವರ್ಷದಲ್ಲಿ 25,000ಕ್ಕೂ ಹೆಚ್ಚು ಜನ ಮನೆ ಸೇರಿದರು. 2011ಕ್ಕೆ ಹೋಲಿಸಿದರೆ ಮನೆಯಿಲ್ಲದವರ ಸಂಖ್ಯೆ ಶೇಕಡ 60ಕ್ಕಿಂತ ಹೆಚ್ಚು ಇಳಿಯಿತು. ಹ್ಯೂಸ್ಟನ್‌ನಲ್ಲಿ ಬಾಡಿಗೆ ಸ್ಯಾನ್ ಹೊಸೆಗಿಂತ ಬಹಳ ಅಗ್ಗ, ಕಟ್ಟಡದ ನಿರ್ಬಂಧಗಳೂ ಕಡಿಮೆ. ಅದನ್ನು ಮರೆತು ಅಲ್ಲಿಯದನ್ನು ಇಲ್ಲಿಗೆ ಎತ್ತಿಡಲು ಬರುವುದಿಲ್ಲ. ಆದರೆ ಅಲ್ಲಿಯ ಶಿಸ್ತನ್ನು ಕಲಿಯಲು ಬಾಡಿಗೆ ಅಡ್ಡಬರುವುದಿಲ್ಲ.

'ಮೊದಲು ಮನೆ' ಎಂಬ ಈ ನೀತಿಯಿಂದ ಫೆಡರಲ್ ಸರ್ಕಾರವೇ ಈಗ ಹಿಂದೆ ಸರಿಯುತ್ತಿದೆ. 2025ರ ಜುಲೈನ ಅಧ್ಯಕ್ಷೀಯ ಆದೇಶ ಅದಕ್ಕೆ ಬೆಂಬಲ ನಿಲ್ಲಿಸಬೇಕೆಂದು ಹೇಳಿತು. ಆದ್ದರಿಂದ ಕಳೆದ ವರ್ಷದ ಅರ್ಜಿಯನ್ನು ನಕಲು ಮಾಡುವ ಅಭ್ಯಾಸ ಇನ್ನು ನಡೆಯುವುದಿಲ್ಲ. ಆಯಾ ವರ್ಷದ ಅಧಿಸೂಚನೆಯನ್ನು ಮೊದಲ ಸಾಲಿನಿಂದ ಓದಬೇಕು.

ಜನವರಿಯ ಕೊನೆಯ ಹತ್ತು ದಿನಗಳಲ್ಲಿ ದೇಶಾದ್ಯಂತ ಮನೆಯಿಲ್ಲದವರ ಗಣತಿ ನಡೆಯುತ್ತದೆ. 2024ರಲ್ಲಿ ಸಿಕ್ಕ ಲೆಕ್ಕ 7,71,480. ಅದರಲ್ಲಿ 2,74,224 ಜನ ಬಯಲಿನಲ್ಲಿ. ಈ ಗಣತಿಗೆ ಸ್ವಯಂಸೇವಕರು ಬೇಕು, ನೀವು ಹೋಗಿ. ನಾನು ಹೋದ ದಿನ ಬೆಳಗಿನ ಜಾವ ಐದಕ್ಕೆ ಶುರು. ಕಾರಿನೊಳಗೆ ಯಾರಾದರೂ ಮಲಗಿದ್ದಾರೆಯೇ ಎಂದು ತಿಳಿಯುವುದು ಹೇಗೆಂದು ನಮ್ಮ ತಂಡದ ಮಾರ್ಗದರ್ಶಕಿ ಕಲಿಸಿದರು: ಒಳಗಿನಿಂದ ಮಂಜುಗಟ್ಟಿದ ಗಾಜು. ಒಂದು ಬೀದಿಯಲ್ಲಿ ಅಂಥ ಹನ್ನೊಂದು ಕಾರು ಎಣಿಸಿದೆವು. ಮುಂದಿನ ಅಕ್ಟೋಬರ್‌ನಲ್ಲಿ ಆ ಹನ್ನೊಂದನ್ನೇ ಹೇಳಿದೆ. ಐದು ವರ್ಷದ ಹೊಸ ಯೋಜನೆ ಬರೆಯುವ ವರ್ಷ ಅದು. ಎಸ್‌ಪಿ-25ರಲ್ಲಿ 'ವಾಹನಗಳಲ್ಲಿ ವಾಸಿಸುವವರು' ಎಂಬ ಸಾಲು ಬಂತು.

7. ಎರಡು ನಿಮಿಷದಲ್ಲಿ ಏನು ಹೇಳಬೇಕು

ಒಂದೇ ಬೇಡಿಕೆ. ಯಾವ ಅನುದಾನ, ಯಾವ ಮಿತಿಯೊಳಗೆ, ಎಷ್ಟು ಮೊತ್ತ, ಯಾವ ಆದ್ಯತೆಯಡಿ ಎಂದು ಹೇಳಿ. ಒಂದು ಅಂಕಿ, ಒಂದು ಕಣ್ಣಾರೆ ಕಂಡ ಸಂಗತಿ. 'ಬಡವರಿಗೆ ಏನಾದರೂ ಮಾಡಿ' ಎಂಬ ಮಾತಿಗೆ ಧನ್ಯವಾದ ಸಿಗುತ್ತದೆ, ಬೇರೇನೂ ಇಲ್ಲ. ಬರವಣಿಗೆಯಲ್ಲೂ ಕೊಡಿ: ಬಂದ ಅಭಿಪ್ರಾಯಗಳ ಸಾರಾಂಶವನ್ನೂ, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂಬ ಕಾರಣವನ್ನೂ ನಗರ ಯೋಜನೆಗೆ ಲಗತ್ತಿಸಲೇಬೇಕು. ಇಂಗ್ಲಿಷ್ ಬಾರದ ಜನ ಗಮನಾರ್ಹ ಸಂಖ್ಯೆಯಲ್ಲಿ ಬರುವ ನಿರೀಕ್ಷೆ ಇದ್ದರೆ ಅವರಿಗೆ ಅನುವು ಮಾಡಿಕೊಡುವುದೂ ನಗರದ ಕರ್ತವ್ಯ. ಮಗನ ಮನೆಯಲ್ಲಿ ಉಳಿದಿರುವ ನಿಮ್ಮ ತಾಯಿತಂದೆಗೆ ವೃದ್ಧರ ಸೇವೆಯ ಬಗ್ಗೆ ಹೇಳಬೇಕಾದದ್ದಿದ್ದರೆ, ದುಭಾಷಿ ಬೇಕೆಂದು ಕೆಲವು ದಿನ ಮುಂಚಿತವಾಗಿ ಕೇಳಿ.

ಇನ್ನೊಂದು ಮಾತು, ಕಹಿಯಾದರೂ ಹೇಳುತ್ತೇನೆ. ಹಣ ಹಂಚುವ ಸಭೆಗೆ ನಮ್ಮವರು ಬರುವುದು ಅಪರೂಪ. ಅದೇ ಹಣದಿಂದ ನಮ್ಮ ಬಡಾವಣೆಯ ಪಕ್ಕ ಕಟ್ಟಡ ಏಳುತ್ತದೆ ಎಂದಾಗ, ಟ್ರಾಫಿಕ್ ಹೆಚ್ಚುತ್ತದೆ, ಶಾಲೆ ಕೆಡುತ್ತದೆ ಎನ್ನಲು ಬಂದವರಲ್ಲಿ ಕನ್ನಡದ ದನಿಗಳನ್ನೂ ಕೇಳಿದ್ದೇನೆ. ಆ ಕಟ್ಟಡದಲ್ಲಿ ಇರಲಿದ್ದವರಲ್ಲಿ ಅದೇ ಶಾಲೆಯ ಸಹಾಯಕ ಶಿಕ್ಷಕಿಯರಿದ್ದರು.

8. ಸೆಪ್ಟೆಂಬರ್: ಲೆಕ್ಕ ಕೇಳುವ ತಿಂಗಳು

ವರ್ಷ ಮುಗಿದ 90 ದಿನದೊಳಗೆ, ಜುಲೈ ನಗರಗಳಿಗೆ ಸೆಪ್ಟೆಂಬರ್ 28ರೊಳಗೆ, ಏನು ಹೇಳಿದ್ದೆವು, ಏನು ಮಾಡಿದೆವು ಎಂಬ ವರದಿಯನ್ನು ನಗರ ಹಡ್‌ಗೆ ಕೊಡಬೇಕು. ಅದರ ಹೆಸರು ಕ್ಯಾಪರ್. ಸಾರ್ವಜನಿಕರ ಅಭಿಪ್ರಾಯಕ್ಕೆ 15 ದಿನ ಮಾತ್ರ. ಅದರಲ್ಲಿ ಗುರಿ ಮತ್ತು ಸಾಧನೆಯನ್ನು ಅಕ್ಕಪಕ್ಕ ಇಟ್ಟ ಒಂದು ಕೋಷ್ಟಕವಿದೆ. ಸೊನ್ನೆ ಇರುವ ಸಾಲುಗಳಿಗೆ ಗುರುತು ಹಾಕಿ. ಅದು ಬಹುಶಃ ಕೆಲಸ ನಿಂತ ಯೋಜನೆ, ಅದರ ಹಣ ಎಲ್ಲೋ ಕುಳಿತಿದೆ, ಒಟ್ಟು ಉಳಿಕೆ ಒಂದೂವರೆ ಪಟ್ಟಿನ ಗೆರೆ ದಾಟುವಂತಿದ್ದರೆ ಮೇ 2ರೊಳಗೆ ಅದು ಬೇರೆ ಕಡೆ ಖರ್ಚಾಗಬೇಕು. ಎಷ್ಟು ಉಳಿದಿದೆ, ಎಲ್ಲಿಗೆ ವರ್ಗಾಯಿಸುತ್ತೀರಿ, ಅದಕ್ಕೆ ಯೋಜನೆಯ ತಿದ್ದುಪಡಿ ಯಾವಾಗ ಎಂದು ವಸತಿ ವಿಭಾಗಕ್ಕೆ ಬರೆದು ಕೇಳಿ. ದೊಡ್ಡ ತಿದ್ದುಪಡಿಯಾದರೆ ಮತ್ತೆ 30 ದಿನ ಸಾರ್ವಜನಿಕರ ಮುಂದಿಡಬೇಕು.

ನಮ್ಮ ಊರಿನಲ್ಲಿ ಹಾಗೆ ಸಿಕ್ಕ ಒಂದು ಸೊನ್ನೆಯ ಸಾಲು, ಬಾಗಿಲು ಮುಚ್ಚಿದ ಒಂದು ತರಬೇತಿ ಕೇಂದ್ರದ ಹೆಸರಿನಲ್ಲಿ ಎರಡು ವರ್ಷದಿಂದ ಕುಳಿತಿದ್ದ ಹಣ, ಕೊನೆಗೆ ನಗರದ್ದೇ ಒಂದು ವಾಹನ ನಿಲುಗಡೆ ಜಾಗದಲ್ಲಿ ಶೌಚಾಲಯ, ನೀರು, ದೀಪಕ್ಕೆ ಹೋಯಿತು. ಮೂವತ್ತು ಕಾರಿಗೆ ಜಾಗ. ರಾತ್ರಿ ಎಂಟಕ್ಕೆ ಗೇಟು ತೆರೆಯುತ್ತದೆ, ಬೆಳಿಗ್ಗೆ ಏಳಕ್ಕೆ ಮುಚ್ಚುತ್ತದೆ. ನಾನು ರೈಲು ನಿಲ್ದಾಣದ ಬಳಿ ನೋಡುತ್ತಿದ್ದ ಕುಟುಂಬ ಅಷ್ಟರಲ್ಲಿ ಬೇರೆಲ್ಲಿಗೋ ಹೋಗಿಯಾಗಿತ್ತು.